ಸೊನ್ನೆಯಲ್ಲಿ ನಿಂತ ತಿರುಗುಗುಂಡಿ

ನಗೋಯಾದ ಓಸು ಪೇಟೆ, ಮೂರನೇ ಮಹಡಿ.
ಕೆಳಗಿನ ಕಿಶಿಮೆನ್ ಅಂಗಡಿಯ ಮೀನುಸಾರಿನ ಹಬೆ
ಲಿಫ್ಟು ಹತ್ತಿ ಬಂದು ನಮ್ಮ ನೆಲಹಾಸಿಗೆ ಅಂಟಿದೆ.
ಇಲ್ಲಿ ಸಂಬಂಧ ಕುದುರಿಸುವುದು ನನ್ನ ಕೆಲಸ,
ಹೆಡ್‌ಫೋನಿಗೂ ಆಂಪ್ಲಿಫೈಯರಿಗೂ.
ಕುದುರದ್ದೇ ಹೆಚ್ಚು.

ಬೆನ್ನು ಮುಚ್ಚಿದ, ಅಕ್ರೋಟು ಮರದ ಬಟ್ಟಲಿನ ಈ ಜೋಡಿ
ಮೂರೂವರೆ ಲಕ್ಷ ಯೆನ್, ಇಪ್ಪತ್ತೈದು ಓಮ್.
ಹಾಡಿಸುವುದು ಸುಲಭ, ಮೆಚ್ಚಿಸುವುದು ಕಷ್ಟ.
ವಾಲ್ವಿನ ಆಂಪಿಗೆ ಕೊಟ್ಟರೆ
ತಗ್ಗುಸ್ವರಗಳು ಮದುವೆಯೂಟ ಉಂಡವರ ಹಾಗೆ
ಸೊಂಟಪಟ್ಟಿ ಸಡಿಲಿಸಿ ಕೂತುಬಿಡುತ್ತವೆ.
ಟ್ರಾನ್ಸಿಸ್ಟರಿನದಕ್ಕೆ ಕೊಟ್ಟರೆ ಎಲ್ಲ ನೆಟ್ಟಗೆ,
ಲೆಕ್ಕ ಒಪ್ಪಿಸಲು ನಿಂತ ಗುಮಾಸ್ತರು.
ಫೋನಿನ ಬಾಲಕ್ಕೆ ಕಟ್ಟುವ ಹೆಬ್ಬೆರಳುದ್ದದ ಡಾಂಗಲ್
ದೊಡ್ಡವರು ನಾಚುವಷ್ಟು ಚೆನ್ನಾಗಿ ನುಡಿಸುತ್ತದೆ;
ಇದನ್ನು ಯಜಮಾನ ಸುಗಿಯುರಾ ಅವರ ಮುಂದೆ ಹೇಳುವಂತಿಲ್ಲ.

ಗುರುವಾರ ಮಧ್ಯಾಹ್ನ ತೊಗಾಶಿ ಬರುತ್ತಾರೆ.
ಆಚೆ ಬೀದಿಯ ಪಚಿಂಕೊ ಹಾಲಿನಲ್ಲಿ ಇಪ್ಪತ್ತೆರಡು ವರ್ಷ.
ಆರುನೂರು ಯಂತ್ರ; ಉಕ್ಕಿನ ಗುಂಡುಗಳ ಆಲಿಕಲ್ಲು
ಬೆಳಿಗ್ಗೆ ಹತ್ತರಿಂದ ರಾತ್ರಿವರೆಗೆ
ಸೂರಿನ ಒಳಗೇ ಸುರಿಯುತ್ತದೆ.
ಈಗಲೂ ಮಾತಾಡಿದರೆ ಕೂಗು,
ತಮ್ಮ ಕೂಗಿಗೆ ತಾವೇ ಬೆಚ್ಚಿ ತಲೆ ಬಾಗಿಸುತ್ತಾರೆ.
ಮುಟ್ಟುವ ಮೊದಲು ಕೈ ತೊಳೆದು ಬರುತ್ತಾರೆ.

"ಬೇರೆ ಆಂಪ್." ಕೊಡುತ್ತೇನೆ.
ಕಣ್ಣು ಮುಚ್ಚಿ ನಾಲ್ಕು ನಿಮಿಷ.
"ಇನ್ನೊಂದು."
ಹನ್ನೊಂದು ವಾರ ಹೀಗೆ.
ಏನು ಕೇಳುತ್ತೀರಿ ಎಂದು ಕೇಳುವುದು
ನಮ್ಮ ಕಸುಬಿನ ಮರ್ಯಾದೆಯಲ್ಲ.
ಹನ್ನೆರಡನೆಯ ವಾರ ತಂತಿ ಬಿಡಿಸಲು ಬಗ್ಗಿದೆ:
ತಿರುಗುಗುಂಡಿ ಸೊನ್ನೆಯಲ್ಲಿತ್ತು.
ಹಾಡೇ ಹಾಕಿರಲಿಲ್ಲ.

ನನ್ನ ಮುಖ ಓದಿಕೊಂಡರು.
"ಎಡಗಿವಿಯಲ್ಲೊಂದು ಜೀರುಂಡೆ," ಎಂದರು, ಈ ಸಲ ಕೂಗದೆ.
"ಮೂರು ವರ್ಷವಾಯಿತು. ಚಳಿಗಾಲದಲ್ಲೂ ಸಾಯುವುದಿಲ್ಲ.
ಇದನ್ನು ಹಾಕಿಕೊಂಡರೆ ಬೀದಿ ಹೋಗುತ್ತದೆ,
ನಿಮ್ಮ ಏಸಿ ಹೋಗುತ್ತದೆ,
ಅದೂ ನಾನೂ ಉಳಿಯುತ್ತೇವೆ.
ಆಮೇಲೆ ಯಂತ್ರದ ಮೌನ ಶುರುವಾಗುತ್ತದೆ.
ಒಂದೊಂದರ ಮೌನವೂ ಬೇರೆ. ಗೊತ್ತಾ ನಿಮಗೆ?"

ಗೊತ್ತಿತ್ತು. ಅದನ್ನು ದೋಷ ಎಂದು ಬರೆದು ಬೆಲೆ ಇಳಿಸುತ್ತೇವೆ.
ಕೂತು ಕೇಳಿದ್ದು ಮಾತ್ರ ಅಂದೇ ಮೊದಲು.
ವಾಲ್ವಿನದು, ಅನ್ನ ಬೆಂದು ಮುಚ್ಚಳ ತಣ್ಣಗಾಗುವ ಹೊತ್ತು.
ಅತಿ ದುಬಾರಿಯದರಲ್ಲಿ ಏನೂ ಇಲ್ಲ,
ಕಲ್ಲು ಹಾಕಿದರೂ ಸದ್ದು ಬಾರದ ಬಾವಿ.
"ಅದು ಬೇಡ," ಎಂದರು. "ಅಲ್ಲಿ ಜೀರುಂಡೆಗೆ ಇನ್ನೂ ಗಂಟಲು ಬರುತ್ತದೆ."

ಮೇಜಿನಡಿ ವಾಪಸು ಬಂದವುಗಳ ಪೆಟ್ಟಿಗೆಯಿದೆ.
ಅದರಲ್ಲೊಂದು ಹಳೆಯ ಜೇಬು ಪ್ಲೇಯರ್, ಮೂಲೆ ತಗ್ಗಿದ್ದು,
ಆರು ಜನ ಕೊಂಡು ಆರೂ ಜನ ಹಿಂದಿರುಗಿಸಿದ್ದು.
'ಸುಯ್ ಎನ್ನುತ್ತದೆ', ಎಲ್ಲರದೂ ಅದೇ ದೂರು.
ಕೊಟ್ಟೆ. ಸಿಕ್ಕಿಸಿಕೊಂಡರು.

ಏನಾಯಿತೆಂದು ನನಗೆ ಕೇಳಿಸಲಿಲ್ಲ.
ಬೆನ್ನು ಮುಚ್ಚಿದ್ದರ ಗುಣವೇ ಅದು,
ಒಂದು ಹನಿ ಆಚೆ ಸೋರುವುದಿಲ್ಲ.
ಕಂಡದ್ದಿಷ್ಟು: ಭುಜ ಒಂದು ಬೆರಳಷ್ಟು ಇಳಿಯಿತು.
ನಾಲ್ಕು ನಿಮಿಷ ಹತ್ತಾಯಿತು, ಇಪ್ಪತ್ತಾಯಿತು,
ಕುತ್ತಿಗೆ ಮೆಲ್ಲಗೆ ವಾಲಿತು.
ಸುಯ್ಯಿಗೂ ಜೀರುಂಡೆಗೂ ಜಾತಕ ಕೂಡಿತ್ತು.

ಎದ್ದು, ಪ್ಲೇಯರಿಗೆ ಸಾವಿರದಿನ್ನೂರು ಯೆನ್ ಎಣಿಸಿದರು,
ರಸೀದಿ ಕೇಳಿದರು.
ಹೆಡ್‌ಫೋನಿನ ಬೆಲೆಚೀಟಿ ನೋಡಲಿಲ್ಲ, ಬಾಯಿಪಾಠವಿದೆ.
ಈಗಲೂ ಗುರುವಾರ ಬರುತ್ತಾರೆ,
ಪ್ಲೇಯರು ಜೇಬಿನಲ್ಲಿ, ಕೈ ತೊಳೆದ ತೇವ ತೋಳಿನಲ್ಲಿ.

ನಿನ್ನೆ ಒಸಾಕಾದಿಂದ ಯಾರೋ ಫೋನ್ ಮಾಡಿದ್ದರು:
ಆ ಅಕ್ರೋಟು ಮರದ್ದು ಇನ್ನೂ ಇದೆಯಾ?
ಸುಗಿಯುರಾ ಪಕ್ಕದಲ್ಲೇ ನಿಂತಿದ್ದರು.
ಇದೆ, ಎಂದೆ.
ಸಣ್ಣದೊಂದು ದೋಷ, ಹೇಳದಿದ್ದರೆ ತಪ್ಪಾಗುತ್ತದೆ:
ಹಾಕಿಕೊಂಡವರಿಗೆ ನಿದ್ದೆ ಬರುತ್ತದೆ.